ಕ್ಯೂ ಒತ್ತಿದರೆ ಟ

ಕನ್ನಡ ಟೈಪಿಂಗ್ ಕಲಿಯುವವರು ಮೊದಲು ತಡವರಿಸುವುದು ಟ ವರ್ಗದಲ್ಲಿ. ಕ ಬೇಕಿದ್ದರೆ ಕೆ ಕೀಲಿ, ಪ ಬೇಕಿದ್ದರೆ ಪಿ, ತ ಬೇಕಿದ್ದರೆ ಟಿ. ಇಷ್ಟರವರೆಗೆ ಎಲ್ಲ ಸಲೀಸು. ಟ ಎಲ್ಲಿ ಎಂದು ಹುಡುಕಿದರೆ ಅದು ಮೂಲೆಯ ಕ್ಯೂನಲ್ಲಿ ಕುಳಿತಿರುತ್ತದೆ, ಡ ಅದರ ಪಕ್ಕದ ಡಬ್ಲ್ಯುನಲ್ಲಿ. ಇದೆಂಥ ಅಧ್ವಾನ ಅನಿಸುವುದು ಸಹಜ. ಆದರೆ ಸ್ವಲ್ಪ ಕಾಲ ಕುಟ್ಟಿದ ಮೇಲೆ ಮರ್ಮ ಹೊಳೆಯುತ್ತದೆ. ಇಂಗ್ಲಿಷಿನ ಕ್ಯೂ, ಡಬ್ಲ್ಯು, ಎಕ್ಸ್, ಎಫ್ ಕೀಲಿಗಳಿಗೆ ನಮ್ಮ ವರ್ಣಮಾಲೆಯಲ್ಲಿ ಜೋಡಿ ಇಲ್ಲ. ಖಾಲಿ ಬಿದ್ದ ಆ ಜಾಗಗಳಿಗೆ ಟ, ಡ, ಷ ಬಂದು ಕೂತಿವೆ, ಎಫ್ ಕೀಲಿ ಒತ್ತಕ್ಷರ ಬೆಸೆಯುವ ಕೆಲಸಕ್ಕೆ ನಿಂತಿದೆ. ಶಿಫ್ಟ್ ಒತ್ತಿದರೆ ಅಲ್ಪಪ್ರಾಣ ಮಹಾಪ್ರಾಣವಾಗುತ್ತದೆ, ಹ್ರಸ್ವ ದೀರ್ಘವಾಗುತ್ತದೆ. ಗುಣಿತಕ್ಕೆ ಬೇರೆ ಕೀಲಿಗಳೇ ಇಲ್ಲ, ವ್ಯಂಜನದ ಹಿಂದೆ ಬಂದ ಸ್ವರ ತಾನೇ ಕೊಂಬು, ಗುಡಿಸುಗಳಾಗಿ ಅಂಟಿಕೊಳ್ಳುತ್ತದೆ. ಉಡುಪಿ ಎಂದು ಬರೆಯಲು ಐದು ಸಲ ಒತ್ತಿದರೆ ಸಾಕು, ಶಿಫ್ಟ್ ಬೇಡ. ಕಾರ್ಕಳಕ್ಕೆ ಕೆ, ಶಿಫ್ಟ್ ಎ, ಆರ್, ಎಫ್, ಕೆ, ಶಿಫ್ಟ್ ಎಲ್. ಶಿಫ್ಟ್ ಸೇರಿಸಿದರೆ 26 ಕೀಲಿಗಳಿಂದ ಸಿಗುವುದು 52 ಸ್ಥಾನ. ಇಡೀ ವರ್ಣಮಾಲೆ ಅಷ್ಟರೊಳಗೆ ಮುಗಿಯುತ್ತದೆ. ಅಂಕೆಯ ಸಾಲನ್ನಾಗಲಿ, ಪೂರ್ಣವಿರಾಮದ ಕೀಲಿಯನ್ನಾಗಲಿ ಮುಟ್ಟುವುದೇ ಇಲ್ಲ.

ಈ ಕೀಲಿಮಣೆಯನ್ನು ರೂಪಿಸಿದವರು ಕಿನ್ನಿಕಂಬಳ ಪದ್ಮನಾಭ ರಾವ್, ಕೆ.ಪಿ. ರಾವ್. 1940ರ ಫೆಬ್ರವರಿ 29ರಂದು ಮಂಗಳೂರು ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿದವರು. ಹುಟ್ಟಿದ ದಿನವೂ ಎಲ್ಲರಂತಲ್ಲ. ಮುಂಬೈಯ ಟಾಟಾ ಪ್ರೆಸ್‌ನಲ್ಲಿ, ಆಮೇಲೆ ಮಾನೋಟೈಪ್ ಕಂಪನಿಯಲ್ಲಿ ದುಡಿದರು. ಸೀಸದ ಮೊಳೆ ಹೋಗಿ ಬೆಳಕಿನಿಂದ ಅಕ್ಷರ ಮೂಡಿಸುವ ಫೋಟೋ ಟೈಪ್‌ಸೆಟ್ಟಿಂಗ್ ಬರುತ್ತಿದ್ದ ಕಾಲ ಅದು. ಐರಾವತಂ ಮಹಾದೇವನ್ ಅವರ ಸಿಂಧೂ ಲಿಪಿಯ ಪದಾನುಕ್ರಮಣಿಕೆ 1977ರಲ್ಲಿ ಅಚ್ಚಾಯಿತಲ್ಲ, ಅದರ ಕಂಪ್ಯೂಟರ್ ಕೆಲಸದಲ್ಲೂ ಅವರ ಕೈಯಿತ್ತು. ಓದಲು ಬಾರದ ಲಿಪಿಯನ್ನು ಯಂತ್ರಕ್ಕೆ ಉಣಿಸಿದವರಿಗೆ ಓದಲು ಬರುವ ಲಿಪಿ ಎಷ್ಟರ ಕಷ್ಟ ಎನ್ನಬಹುದು. ಮುಂದೆ ಅವರ ಹೆಸರು ಮಣಿಪಾಲದೊಂದಿಗೆ ಬೆಸೆದುಕೊಂಡಿತು, ಅಲ್ಲಿನ ಎಂಐಟಿಯಲ್ಲಿ ಪಾಠ ಮಾಡಿದರು. ತಾವು ಬರೆದ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು, ಅದನ್ನು ಎಲ್ಲರಿಗೂ ಉಚಿತವಾಗಿ ಹಂಚಿದರು.

ಕಂಪ್ಯೂಟರ್ ಹುಚ್ಚಿನವರ ನಡುವೆ ಸರಕಾರ, ಕಾಯ್ದೆ, ನಿಯಂತ್ರಣ ಎಂಬ ಮಾತು ಬಂದಾಗಲೆಲ್ಲ ನನಗೆ ಈ ಕೀಲಿಮಣೆ ನೆನಪಾಗುತ್ತದೆ. ಹಳೆಯ ಯಂತ್ರ ಬಿಚ್ಚಿ ಜೋಡಿಸುವುದು, ಲಿನಕ್ಸ್ ಹಾಕಿ ಕೆಡಿಸುವುದು, ಮತ್ತೆ ಹಾಕುವುದು ನಮ್ಮ ಹವ್ಯಾಸ. ಈ ಬಳಗದಲ್ಲಿ ಸರಕಾರ ಎಂದೊಡನೆ ಮೂಗು ಮುರಿಯುವುದೇ ವಾಡಿಕೆ. ತಂತ್ರಜ್ಞಾನದ ತಂಟೆಗೆ ಸರಕಾರ ಬರಲೇಬಾರದು ಎಂಬುದು ಸಾಮಾನ್ಯ ವಾದ. ನಾನದನ್ನು ಒಪ್ಪುವುದಿಲ್ಲ. ಸರಕಾರ ಎಲ್ಲಿ ಕೈ ಇಡುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ, ಮತ್ತು ಕನ್ನಡದ ಕೀಲಿಮಣೆಯ ವಿಷಯದಲ್ಲಿ ಅದು ಸರಿಯಾದ ಕಡೆಯೂ ಕೈ ಇಟ್ಟಿತು, ತಪ್ಪು ಕಡೆಯೂ ಇಟ್ಟಿತು.

ತೊಂಬತ್ತರ ದಶಕದ ಡಿಟಿಪಿ ಅಂಗಡಿಗಳನ್ನು ನೆನಪಿಸಿಕೊಳ್ಳಿ. ಒಬ್ಬರಲ್ಲಿ ಶ್ರೀಲಿಪಿ, ಇನ್ನೊಬ್ಬರಲ್ಲಿ ಆಕೃತಿ, ಮತ್ತೊಬ್ಬರಲ್ಲಿ ಪ್ರಕಾಶಕ, ಸರಕಾರಿ ಕಚೇರಿಯಲ್ಲಿ ಸಿಡ್ಯಾಕ್‌ನವರ ಜಿಸ್ಟ್. ಒಂದೊಂದಕ್ಕೂ ಒಂದೊಂದು ಕೀಲಿಮಣೆ, ಒಂದೊಂದು ಸಂಕೇತ. ಕಾರ್ಕಳದಲ್ಲಿ ಕುಟ್ಟಿದ ಆಮಂತ್ರಣ ಪತ್ರಿಕೆಯನ್ನು ಉಡುಪಿಯ ಮುದ್ರಣಾಲಯದಲ್ಲಿ ತೆರೆದರೆ ಪರದೆಯ ಮೇಲೆ ಭೂತದ ಬರಹ. ಪುಣೆಯ ತಂತ್ರಾಂಶದಲ್ಲಿ ಕೈ ಪಳಗಿದ ಹುಡುಗಿಯನ್ನು ಬೆಂಗಳೂರಿನ ತಂತ್ರಾಂಶದ ಮುಂದೆ ಕೂರಿಸಿದರೆ ಅವಳು ಮತ್ತೆ ಒಂದನೇ ಕ್ಲಾಸು. ಡೆಲ್ಲಿಯಲ್ಲಿ ಒಂದು ಮಾನಕ ಇರಲಿಲ್ಲವೆಂದಲ್ಲ. ಎಂಬತ್ತರ ದಶಕದಲ್ಲೇ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ಸಿದ್ಧವಾಗಿತ್ತು, 1991ರಲ್ಲಿ ಐಎಸ್ 13194 ಎಂಬ ಸಂಖ್ಯೆಯಡಿ ಭಾರತೀಯ ಮಾನಕ ಬ್ಯೂರೋದ ಮೊಹರೂ ಬಿದ್ದಿತ್ತು. ಸ್ವರಗಳೆಲ್ಲ ಎಡಗೈಗೆ, ವ್ಯಂಜನಗಳೆಲ್ಲ ಬಲಗೈಗೆ. ಒಂದು ಲಿಪಿಯಲ್ಲಿ ಕಲಿತರೆ ಭಾರತದ ಬೇರೆ ಲಿಪಿಗಳಲ್ಲೂ ಕುಟ್ಟಬಹುದು. ಕಾಗದದ ಮೇಲೆ ಎಷ್ಟು ಚೆಂದ! ಆದರೆ ಕನ್ನಡದ ಗುಮಾಸ್ತನಿಗೆ ಒಡಿಯಾ ಕುಟ್ಟುವ ಪ್ರಸಂಗ ಎಷ್ಟು ಸಲ ಬರುತ್ತದೆ? ಅವನಿಗೆ ಮೊದಲೇ ಗೊತ್ತಿದ್ದುದು ಇಂಗ್ಲಿಷ್ ಕೀಲಿಮಣೆ. ಗೊತ್ತಿದ್ದ ದಾರಿಯ ಮೇಲೆಯೇ ಕನ್ನಡವನ್ನು ನಡೆಸಿದ್ದರಿಂದ ಕೆ.ಪಿ. ರಾವ್ ವಿನ್ಯಾಸ ಗೆದ್ದಿತು.

2000ದ ಆಸುಪಾಸಿನಲ್ಲಿ ರಾಜ್ಯ ಸರಕಾರ ಮಾಡಿದ ಒಳ್ಳೆಯ ಕೆಲಸವೆಂದರೆ, ಕನ್ನಡ ಗಣಕ ಪರಿಷತ್ತು ಮುಂದಿಟ್ಟ ಇದೇ ವಿನ್ಯಾಸವನ್ನು ಅಲ್ಪಸ್ವಲ್ಪ ತಿದ್ದಿ ಅಧಿಕೃತ ಎಂದು ಘೋಷಿಸಿದ್ದು. ಸರಕಾರ ಹೊಸದನ್ನು ಕಂಡುಹಿಡಿಯಲು ಹೊರಡಲಿಲ್ಲ. ಯಾರೋ ಮಾಡಿಟ್ಟು ಬಳಕೆಯಲ್ಲಿ ಪಳಗಿದ್ದನ್ನು ಎತ್ತಿಕೊಂಡು, ಇದು ಎಲ್ಲರದು, ಯಾವ ಕಂಪನಿ ಬೇಕಾದರೂ ಅಳವಡಿಸಲಿ ಎಂದಿತು. ಅಲ್ಲಿಂದಾಚೆಗೆ ಡಿಟಿಪಿಯ ಹುಡುಗಿ ಕೆಲಸ ಬದಲಿಸಿದರೂ ಬೆರಳಿನ ವಿದ್ಯೆ ಅವಳ ಜೊತೆಗೇ ಹೋಯಿತು. ನಿಯಂತ್ರಣ ಎಂಬುದು ದುಡಿಯುವವರ ಕೈ ಬಲಪಡಿಸಿದ ಉದಾಹರಣೆಗಳು ನಮ್ಮಲ್ಲಿ ಹೆಚ್ಚಿಲ್ಲ, ಇದು ಅಂಥದ್ದೊಂದು. ಲಿನಕ್ಸ್ ಬಳಸುವವರು ಕೀಲಿಮಣೆಗಳ ಪಟ್ಟಿ ತೆರೆದು ನೋಡಲಿ: ಕನ್ನಡದ ಕೆಳಗೆ ‘ಕಗಪ’ ಎಂದಿದೆ, ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು. ಅಷ್ಟೇ ಅಲ್ಲ, ಹಿಂದಿ, ಮರಾಠಿ, ಸಂಸ್ಕೃತ, ತೆಲುಗಿಗೂ ಕಗಪ ವಿನ್ಯಾಸಗಳಿವೆ. ಕರಾವಳಿಯವರೊಬ್ಬರು ಮುಂಬೈಯ ಅಚ್ಚುಕೂಟದ ಅನುಭವದಿಂದ ತೆಗೆದ ಕ್ರಮ ದೇವನಾಗರಿಗೂ ಹಬ್ಬಿ, ಲೋಕದ ಯಾವ ಮೂಲೆಯ ಲಿನಕ್ಸ್ ಯಂತ್ರದಲ್ಲೂ ಸಿಗುತ್ತದೆ. ನಮ್ಮೂರಿನವರ ಪೈಕಿ ಎಷ್ಟು ಮಂದಿಗೆ ಇದು ಗೊತ್ತೋ ಏನೋ.

ಇನ್ನು ಕೆಟ್ಟ ಕೆಲಸ. ಕೀಲಿಮಣೆಯ ಜೊತೆಗೆ ಸರಕಾರ ಒಂದು ತಂತ್ರಾಂಶವನ್ನೂ ತನ್ನದಾಗಿಸಿಕೊಂಡಿತು. ನುಡಿ ಹುಟ್ಟಿದ್ದು ಹೀಗೆ, ಅದರ ಹಿಂದೆಯೇ ಅದರ ಫಾಂಟ್ ಸಂಕೇತವೂ ಅಧಿಕೃತವಾಯಿತು. ಆಗಿನ ತಂತ್ರಾಂಶಗಳು ಅಕ್ಷರವನ್ನು ಉಳಿಸಿಡುತ್ತಿರಲಿಲ್ಲ, ಅಕ್ಷರದ ಚೂರುಗಳನ್ನು ಉಳಿಸಿಡುತ್ತಿದ್ದವು. ಒಂದು ಫಾಂಟ್‌ನಲ್ಲಿ ಇದ್ದದ್ದು 256 ಖಾನೆ. ತಲೆಕಟ್ಟು ಒಂದರಲ್ಲಿ, ಕೊಂಬು ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ. ಕಣ್ಣಿಗೆ ಕನ್ನಡ, ಯಂತ್ರದ ಹೊಟ್ಟೆಯಲ್ಲಿ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಂತೆ. ಅದರಲ್ಲಿ ಹುಡುಕಲಾಗದು, ಅಕಾರಾದಿ ಜೋಡಿಸಲಾಗದು, ಫಾಂಟ್ ಇಲ್ಲದ ಯಂತ್ರದಲ್ಲಿ ಓದಲೂ ಆಗದು. ಅಷ್ಟರಲ್ಲೇ ಯುನಿಕೋಡ್ ಬಂದಾಗಿತ್ತು. 1991ರಿಂದಲೇ ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ಜಾಗವಿದೆ, ಭಾರತೀಯ ಲಿಪಿಗಳ ಸಂಕೇತಕ್ಕಿರುವ ನಮ್ಮದೇ ಇಸ್ಕಿ ಮಾನಕದ ನಕ್ಷೆಯ ಮೇಲೆ ಕಟ್ಟಿದ್ದು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಸಹಿತ ಕನ್ನಡ ಮೂಡುತ್ತಿತ್ತು. ಶೇಷಾದ್ರಿ ವಾಸು ಅಮೆರಿಕದಲ್ಲಿ ಕುಳಿತು 1998ರಲ್ಲೇ ಬರಹ ತಂತ್ರಾಂಶವನ್ನು ಕನ್ನಡಿಗರಿಗೆ ಕೊಟ್ಟಿದ್ದರು. ಹೊರಗೆ ಇಷ್ಟೆಲ್ಲ ನಡೆಯುತ್ತಿದ್ದರೂ ಕಚೇರಿಗಳಲ್ಲಿ ನುಡಿಯ ಹಳೆಯ ಸಂಕೇತವೇ ಗಟ್ಟಿಯಾಗಿ ಕೂತಿತು. ಚಿದಾನಂದ ಗೌಡರ ನೇತೃತ್ವದ ಕನ್ನಡ ತಂತ್ರಾಂಶ ಸಮಿತಿಯ ಕೆಲಸದ ಬಳಿಕ, 2012ರಲ್ಲಿ, ಯುನಿಕೋಡ್‌ಗೆ ರಾಜ್ಯದ ಒಪ್ಪಿಗೆ ಸಿಕ್ಕಿತು.

ಅಂದರೆ ಒಂದು ದಶಕದ ಆದೇಶ, ಸುತ್ತೋಲೆ, ನಡಾವಳಿಗಳು ಹುಡುಕಲಾಗದ ಕಡತಗಳಲ್ಲಿ ಬಿದ್ದವು. ಆ ಹುಳಿ ಇವತ್ತಿಗೂ ಪೂರ್ತಿ ಹೋಗಿಲ್ಲ. ಈಗಲೂ ಎಷ್ಟೋ ಮುದ್ರಣಾಲಯಗಳಲ್ಲಿ ಮೊದಲು ಕೇಳುವ ಪ್ರಶ್ನೆ, ‘ಮ್ಯಾಟರ್ ನುಡಿಯಲ್ಲಿದೆಯೋ ಯುನಿಕೋಡೋ?’ ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಅರ್ಕಾವತ್ತು ಜಾರಿ ಬೇರೆ ಅಕ್ಷರದ ತಲೆ ಮೇಲೆ ಕೂರುವುದುಂಟು, ಮದುವೆಯ ಕಾಗದದಲ್ಲಿ ಭಾವನ ಹೆಸರೇ ಬದಲಾಗುವುದುಂಟು. ಕೀಲಿಮಣೆ ಒಂದು ಒಪ್ಪಂದ, ತಂತ್ರಾಂಶ ಒಂದು ಸರಕು. ಒಪ್ಪಂದಕ್ಕೆ ಸರಕಾರ ಸಾಕ್ಷಿ ನಿಲ್ಲಬಹುದು. ಸರಕು ಮಾರುವ ಅಂಗಡಿಯನ್ನು ತಾನೇ ತೆರೆದರೆ ಹಳೆಯ ಸರಕು ಖರ್ಚಾಗುವವರೆಗೆ ಹೊಸದನ್ನು ಒಳಗೆ ಬಿಡುವ ಮನಸ್ಸು ಯಾರಿಗೂ ಬರುವುದಿಲ್ಲ.

ಕೇಂದ್ರದವರಿಂದ ಬಂದ ಒಂದು ಒಳ್ಳೆಯ ನಿಯಮವನ್ನೂ ಹೇಳಬೇಕು, ಅದರ ಸುದ್ದಿ ಯಾರೂ ಎತ್ತುವುದಿಲ್ಲ. 2016ರಲ್ಲಿ ಮೊಬೈಲ್ ಫೋನುಗಳಿಗೆ ಐಎಸ್ 16333ರ ಮೂರನೇ ಭಾಗ ಎಂಬ ಮಾನಕವನ್ನು ಕಡ್ಡಾಯಪಡಿಸಲಾಯಿತು. ಭಾರತದಲ್ಲಿ ಮಾರುವ ಪ್ರತಿ ಫೋನಿನಲ್ಲೂ, ಗುಂಡಿ ಒತ್ತುವ ಅಗ್ಗದ ಫೋನೂ ಸೇರಿ, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳು ಓದಲು ಬರಬೇಕು. ಇಂಗ್ಲಿಷ್, ಹಿಂದಿಯ ಜೊತೆಗೆ ಕನಿಷ್ಠ ಇನ್ನೊಂದು ಭಾಷೆಯಲ್ಲಿ ಬರೆಯಲು ಬರಬೇಕು. ಕಂಪನಿಗಳು ಗೊಣಗಿಕೊಂಡೇ ಒಪ್ಪಿದವು. ಅದಕ್ಕೆ ಮುಂಚೆ ಎಷ್ಟೋ ಫೋನುಗಳಲ್ಲಿ ಕನ್ನಡ ಎಂದರೆ ಚೌಕ ಚೌಕ ಡಬ್ಬಿಗಳು. ಮಾರುಕಟ್ಟೆ ತಾನೇ ಸರಿಮಾಡುತ್ತಿತ್ತು ಎನ್ನುವ ಗೆಳೆಯರಿದ್ದಾರೆ. ದೊಡ್ಡ ಫೋನುಗಳಲ್ಲಿ ಮಾಡುತ್ತಿತ್ತೇನೋ, ಸಾವಿರ ರೂಪಾಯಿಯ ಫೋನಿನಲ್ಲಿ ಮಾಡುತ್ತಿರಲಿಲ್ಲ.

ಆದರೆ ಪಟ್ಟಿಗೆ ಕಟ್ಟಿದ ನಿಯಮ ಪಟ್ಟಿಯಾಚೆ ನೋಡುವುದಿಲ್ಲ. ಕಾಪು, ಕಾರ್ಕಳದ ಮನೆಮಾತು ತುಳು ಆ 22ರಲ್ಲಿ ಇಲ್ಲ. ಕನ್ನಡ ಲಿಪಿಯಲ್ಲಿ ತುಳು ಬರೆಯುವುದರಿಂದ ಕೆಲಸವೇನೂ ನಿಲ್ಲಲಿಲ್ಲ, ತುಳು ವಿಕಿಪೀಡಿಯ 2016ರಲ್ಲಿ ಶುರುವಾದದ್ದೂ ಕನ್ನಡ ಲಿಪಿಯಲ್ಲೇ. ತಾಳೆಗರಿಗಳ ಹಳೆಯ ಲಿಪಿಯ ಕಥೆ ಬೇರೆ. ಅದನ್ನು ಯುನಿಕೋಡಿಗೆ ಸೇರಿಸಲು ವರ್ಷಗಟ್ಟಲೆ ಪ್ರಸ್ತಾವಗಳು, ಅಕ್ಷರದ ಆಕಾರದ ಮೇಲೆ, ಹೆಸರಿನ ಮೇಲೆ ತಕರಾರುಗಳು ನಡೆದವು. ಕೊನೆಗೆ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿನ 16ನೇ ಆವೃತ್ತಿ ತುಳು-ತಿಗಳಾರಿಯನ್ನು 80 ಸಂಕೇತಗಳೊಂದಿಗೆ ಸೇರಿಸಿಕೊಂಡಿತು. ಎಂಟನೇ ಪರಿಚ್ಛೇದದ ಬಾಗಿಲಲ್ಲಿ ಇನ್ನೂ ಕಾಯುತ್ತಿರುವ ಭಾಷೆಗೆ ಕ್ಯಾಲಿಫೋರ್ನಿಯದ ಒಂದು ಲಾಭರಹಿತ ಸಂಸ್ಥೆ ಬಾಗಿಲು ತೆಗೆಯಿತು. ಅಲ್ಲಿ ಕೇಳಿದ್ದು ತಾಳೆಗರಿಯ ಪುರಾವೆ, ಜನಸಂಖ್ಯೆಯನ್ನಲ್ಲ, ಶಾಸಕರ ಶಿಫಾರಸನ್ನಲ್ಲ.

ಮಾನಕದ ಮಾತು ಇಷ್ಟು. ಪರವಾನಗಿಯದು ಇನ್ನೊಂದು ಲೋಕ. ಎಂಬತ್ತರ ದಶಕದ ನಡುವಿನವರೆಗೂ ಮನೆಯಲ್ಲಿ ರೇಡಿಯೋ ಇಡಲು ಅಂಚೆ ಕಚೇರಿಗೆ ಹೋಗಿ ಲೈಸನ್ಸ್ ಶುಲ್ಕ ಕಟ್ಟಬೇಕಿತ್ತು ಎಂದರೆ ಈಗಿನ ಮಕ್ಕಳು ನಗುತ್ತಾರೆ. ಪುಸ್ತಕ ತಂದು ಮೊಹರು ಹಾಕಿಸಿದ ಅಜ್ಜಂದಿರು ನಮ್ಮ ಎಲ್ಲ ಊರುಗಳಲ್ಲೂ ಇದ್ದರು. ಮಣಿಪಾಲದಲ್ಲಿ ಸಿಂಡಿಕೇಟ್ ಬ್ಯಾಂಕಿನ ಕೇಂದ್ರ ಕಚೇರಿ ಇದ್ದ ಕಾಲದಲ್ಲಿ, ಬ್ಯಾಂಕಿನೊಳಗೆ ಎಲ್ಲಿ, ಎಷ್ಟು ಯಂತ್ರ ಬರಬೇಕು ಎಂಬುದು 1983ರ ನೌಕರ ಸಂಘಟನೆಗಳ ಒಪ್ಪಂದದಲ್ಲಿ ತೀರ್ಮಾನವಾಗುತ್ತಿತ್ತು. ಲೆಡ್ಜರ್ ಪೋಸ್ಟಿಂಗ್ ಯಂತ್ರ ಎಂಬ ಹೆಸರಿನಲ್ಲಿ ಕಂಪ್ಯೂಟರ್ ಹಿಂಬಾಗಿಲಿನಿಂದ ನುಸುಳಿತು. ಅಂದಿನ ನೌಕರರ ಭಯವನ್ನು ನಾನು ಹಗುರ ಮಾಡುವುದಿಲ್ಲ, ಕೆಲಸ ಹೋಗುವ ಭಯ ಈಗ ಎಐ ಹೆಸರಲ್ಲಿ ಸಾಫ್ಟ್‌ವೇರ್ ಹುಡುಗರನ್ನೇ ಹಿಡಿದಿದೆ.

ಫೋನ್ ಮಾತಿನಲ್ಲೂ ಇದೇ ಪರವಾನಗಿಯ ಕಥೆ. ಕಾಪು, ಉಚ್ಚಿಲ, ಕಾರ್ಕಳದ ಕಡೆ ಮನೆಗೊಬ್ಬರು ಗಲ್ಫಿನಲ್ಲಿ. 1995ರ ಆಗಸ್ಟ್ 15ಕ್ಕೆ ದೇಶದಲ್ಲಿ ಸಾರ್ವಜನಿಕ ಇಂಟರ್ನೆಟ್ ಬಂದರೂ ಅದರ ಮೇಲೆ ಫೋನ್ ಮಾತಾಡಲು ಕಾನೂನಿನ ಒಪ್ಪಿಗೆ ಸಿಕ್ಕಿದ್ದು 2002ರ ಏಪ್ರಿಲ್ 1ರಂದು. ನಡುವಿನ ವರ್ಷಗಳಲ್ಲಿ ತಾಯಿಯೊಬ್ಬಳು ಸೈಬರ್ ಕೆಫೆಯ ಹೆಡ್‌ಫೋನ್ ಹಾಕಿ ದುಬೈಯ ಮಗನೊಂದಿಗೆ ಮಾತಾಡಿದ್ದರೆ ಅದು ಅಪರಾಧ. ತಮಾಷೆಯೆಂದರೆ ಈಗ ಇಲ್ಲಿ ಅಡ್ಡಿಯಿಲ್ಲ, ಅಲ್ಲಿದೆ. ಯುಎಇಯಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ, ಪರವಾನಗಿ ಪಡೆದ ಬೋಟಿಮ್‌ನಂಥ ಆ್ಯಪ್ ಬೇಕು. ಹಾಗಾಗಿ ಉಚ್ಚಿಲದ ಅಜ್ಜಿಯ ಫೋನಿನಲ್ಲೂ ಬೋಟಿಮ್ ಇರುತ್ತದೆ. ಅಬುಧಾಬಿಯ ದೂರಸಂಪರ್ಕ ನೀತಿ ಅಜ್ಜಿಗೆ ಯಾರಿಗಿಂತಲೂ ಚೆನ್ನಾಗಿ ಗೊತ್ತು.

ಇದಕ್ಕೆ ವಿರುದ್ಧ ದಿಕ್ಕಿನದು ವೈಫೈ. 2.4 ಗಿಗಾಹರ್ಟ್ಸ್ ತರಂಗಕ್ಕೆ ಪರವಾನಗಿ ಬೇಡ ಎಂದು 2005ರಲ್ಲಿ, 5 ಗಿಗಾಹರ್ಟ್ಸ್‌ನ ದೊಡ್ಡ ಪಟ್ಟಿಗೆ 2018ರಲ್ಲಿ ಸರಕಾರ ಹೇಳಿತು. ಪ್ರಸಾರದ ಶಕ್ತಿಗೆ ಮಿತಿ ಹಾಕಿ, ಮಿಕ್ಕದ್ದು ನಿಮ್ಮಿಷ್ಟ ಎಂದಿತು. ಮನೆಮನೆಯಲ್ಲಿ ಮಿನುಗುವ ರೂಟರ್‌ಗಳ ಹಿಂದೆ ಈ ಸಣ್ಣ ಅಧಿಸೂಚನೆಗಳಿವೆ. ಆದರೂ ಹಳೆಯ ಚಾಳಿ ಬೇಗ ಬಿಡುವುದಿಲ್ಲ. 2023ರ ಆಗಸ್ಟ್ 3ರಂದು ಲ್ಯಾಪ್‌ಟಾಪ್ ಆಮದಿಗೆ ಪರವಾನಗಿ ಬೇಕು ಎಂದು ದಿಢೀರ್ ಆದೇಶ ಬಂತು, ಗಲಾಟೆಯಾದ ಮೇಲೆ ಮುಂದಕ್ಕೆ ಹೋಯಿತು, ಕೊನೆಗೆ ಆನ್‌ಲೈನ್ ಅನುಮತಿ ಪದ್ಧತಿಯಾಗಿ ಮೆತ್ತಗಾಯಿತು. ಮುಂಚೆ ಕೇಳು, ಆಮೇಲೆ ಮಾಡು ಎಂಬ ಈ ಬಗೆಯ ನಿಯಮಕ್ಕೆ ನನ್ನ ವಿರೋಧ. ಹೊಸದನ್ನು ಮಾಡುವವನು ಏನು ಮಾಡುತ್ತಾನೆಂದು ಅವನಿಗೇ ಗೊತ್ತಿರುವುದಿಲ್ಲ, ಅರ್ಜಿಯಲ್ಲಿ ಏನೆಂದು ಬರೆಯುತ್ತಾನೆ? ಕೆ.ಪಿ. ರಾವ್ ಕೀಲಿಮಣೆಗೂ ಮೊದಲೇ ಅನುಮತಿ ಬೇಕಿದ್ದಿದ್ದರೆ, ಇನ್‌ಸ್ಕ್ರಿಪ್ಟ್ ಇದೆಯಲ್ಲ, ಇನ್ನೊಂದು ಯಾಕೆ ಎಂಬ ಷರಾದೊಂದಿಗೆ ಅರ್ಜಿ ವಾಪಸಾಗುತ್ತಿತ್ತು.

ಪರವಾನಗಿಗಿಂತ ಕೆಟ್ಟದ್ದು ಸ್ವಿಚ್. 2019ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಗೋಲಿಬಾರ್ ನಡೆದಾಗ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ ಎರಡು ದಿನಗಳ ಮಟ್ಟಿಗೆ ನಿಂತಿತು. ಜಿಲ್ಲೆಯ ಗಡಿ ಶಾಂಭವಿ ನದಿ, ಈಚೆ ಕಾಪು ತಾಲೂಕಿನ ಹೆಜಮಾಡಿ, ಆಚೆ ಮೂಲ್ಕಿ. ಟವರಿನ ತರಂಗ ಹೊಳೆ ನೋಡಿ ನಿಲ್ಲುವುದಿಲ್ಲ. ಆದೇಶ ಮಾತ್ರ ಜಿಲ್ಲೆಯ ನಕ್ಷೆ ನೋಡಿ ಹೊರಡುತ್ತದೆ. ಆಸ್ಪತ್ರೆ, ಬಸ್ ಟಿಕೆಟ್, ಅಂಗಡಿಯ ಪಾವತಿ ಎಲ್ಲ ಒಂದೇ ತಂತಿಗೆ ಜೋತುಬಿದ್ದಿರುವಾಗ, ಸುಳ್ಳು ಸುದ್ದಿ ತಡೆಯುತ್ತೇವೆಂದು ನಿಜ ಸುದ್ದಿಯನ್ನೂ ತಡೆದಂತಾಯಿತು. ಮುಂದಿನ ತಿಂಗಳೇ, 2020ರ ಜನವರಿ 10ರಂದು, ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು, ಪ್ರಮಾಣಕ್ಕೆ ತಕ್ಕಂತಿರಬೇಕು ಎಂದಿತು. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದರೂ ಸ್ವಿಚ್ ಮಾತ್ರ ಗೋಡೆಯಲ್ಲೇ ಇದೆ.

ಇಷ್ಟಾಗಿ, ನಿಯಂತ್ರಣ ಬೇಡವೇ ಬೇಡ ಎನ್ನುವವರನ್ನು ನಾನು ಮಲ್ಪೆ ಬಂದರಿಗೆ ಕರೆದೊಯ್ಯುತ್ತೇನೆ. 2018ರ ಡಿಸೆಂಬರಿನಲ್ಲಿ ಅಲ್ಲಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅವಶೇಷ ಮಹಾರಾಷ್ಟ್ರದ ಕರಾವಳಿಯಾಚೆ ನೌಕಾಪಡೆಗೆ ಸಿಕ್ಕಿದ್ದು ಮುಂದಿನ ಮೇ ತಿಂಗಳಿಗೆ. ಅಷ್ಟು ತಿಂಗಳು ಆ ಮನೆಗಳವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದೆ ಕಾದರು. ಬೋಟಿನಲ್ಲಿ ತಾನಾಗಿ ಸ್ಥಾನ ತಿಳಿಸುವ ಸಾಧನ ಇರಬೇಕು ಎಂಬ ಕಡ್ಡಾಯವನ್ನು ಇಲ್ಲಿ ಯಾರು ವಿರೋಧಿಸಿಯಾರು? ಇಸ್ರೋ ಉಪಗ್ರಹದ ಮೂಲಕ ಸಂದೇಶ ಕಳಿಸುವ ಟ್ರಾನ್ಸ್‌ಪಾಂಡರ್ ರೂಪಿಸಿದೆ. ಒಂದು ಲಕ್ಷ ಬೋಟುಗಳಿಗೆ ಅದನ್ನು ಅಳವಡಿಸಲು 364 ಕೋಟಿ ರೂಪಾಯಿಯ ಕೇಂದ್ರ ಯೋಜನೆಯೂ ಇದೆ, ಜೊತೆಗೆ ನಭಮಿತ್ರ ಎಂಬ ಆ್ಯಪ್.

ಆದರೆ ಬೋಟಿನವರು ಹಿಂದೆಮುಂದೆ ನೋಡುವುದೂ ಸುಳ್ಳಲ್ಲ. ಹಿಂಜರಿಕೆಯ ಕಾರಣ ಅಜ್ಞಾನ ಅಲ್ಲ. ಎಲ್ಲಿ ಬಲೆ ಬಿಟ್ಟರೆ ಮೀನು ಎಂಬುದು ಅವರ ಬಂಡವಾಳ, ಅದು ಪಕ್ಕದ ಬೋಟಿಗೂ ಗೊತ್ತಾಗಬಾರದು. 1901ರಿಂದ ಉರಿಯುತ್ತಿರುವ ಕಾಪುವಿನ ದೀಪಸ್ತಂಭ ಬೆಳಕು ಕೊಡುತ್ತದೆ, ನೀನು ಯಾರು, ಎಲ್ಲಿದ್ದಿ ಎಂದು ಕೇಳುವುದಿಲ್ಲ. ಜಿಪಿಎಸ್ ಕೂಡ ಹಾಗೇ. ಉಪಗ್ರಹ ಹೇಳುತ್ತದೆ, ಬೋಟಿನ ಯಂತ್ರ ಕೇಳಿಸಿಕೊಳ್ಳುತ್ತದೆ. ಟ್ರಾನ್ಸ್‌ಪಾಂಡರಿನಲ್ಲಿ ದಿಕ್ಕು ತಿರುಗುತ್ತದೆ, ಇಲ್ಲಿ ಬೋಟು ಹೇಳುತ್ತದೆ, ದಡ ಕೇಳಿಸಿಕೊಳ್ಳುತ್ತದೆ. ದಡದಲ್ಲಿ ಯಾರೆಲ್ಲ ಕೇಳಿಸಿಕೊಳ್ಳಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು, ಅಪಾಯದ ಕರೆ ಇಲ್ಲದಾಗ ತೆರೆದು ನೋಡಿದವರ ಹೆಸರು ದಾಖಲಾಗುತ್ತದೆಯೇ? ಸಾಧನ ಕಡ್ಡಾಯ ಮಾಡುವ ಆದೇಶದಲ್ಲೇ ಇವಕ್ಕೂ ಉತ್ತರ ಬರೆದಿಟ್ಟರೆ ಬಂದರಿನಲ್ಲಿ ಪೊಲೀಸರನ್ನು ನಿಲ್ಲಿಸಿ ಯಂತ್ರ ಆನ್ ಮಾಡಿಸುವ ಪ್ರಮೇಯ ಬಾರದು. ತಾಂತ್ರಿಕವಾಗಿ ಇದು ಕಷ್ಟವಲ್ಲ. ಸ್ಥಾನದ ಮಾಹಿತಿಯನ್ನು ಬೀಗ ಹಾಕಿದ ರೂಪದಲ್ಲಿ ಕಳಿಸಿ, ಬೀಗದ ಕೈಯನ್ನು ಮಾಲೀಕ ಮತ್ತು ರಕ್ಷಣಾ ಕೇಂದ್ರ ಇಬ್ಬರ ನಡುವೆ ಹಂಚಬಹುದು. ಇಂಥ ವಿದ್ಯೆಯನ್ನು ಮಣಿಪಾಲದಲ್ಲೂ ಕಾರ್ಕಳ ತಾಲೂಕಿನ ನಿಟ್ಟೆಯಲ್ಲೂ ಎಂಜಿನಿಯರಿಂಗ್ ಮಕ್ಕಳಿಗೆ ತರಗತಿಯಲ್ಲೇ ಕಲಿಸುತ್ತಾರೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದಕ್ಕೆ ನೆರವಾಗಬೇಕಿತ್ತು. ಕಂಪನಿಗಳನ್ನು ಅದು ಕೇಳುತ್ತದೆ: ಮಾಹಿತಿ ಯಾಕೆ ಬೇಕು, ಒಪ್ಪಿಗೆ ಪಡೆದಿರಾ, ಸೋರಿದರೆ ತಿಳಿಸಿದಿರಾ, ತಪ್ಪಿದರೆ 250 ಕೋಟಿ ರೂಪಾಯಿಯವರೆಗೆ ದಂಡ. ಅದೇ ಕಾಯ್ದೆಯ 17ನೇ ಸೆಕ್ಷನ್ ಮಾತ್ರ, ತನಗೆ ಬೇಕಾದ ಸರಕಾರಿ ಸಂಸ್ಥೆಗಳಿಗೆ ಇದ್ಯಾವುದೂ ಅನ್ವಯಿಸದಂತೆ ಅಧಿಸೂಚನೆ ಹೊರಡಿಸುವ ಅಧಿಕಾರವನ್ನು ಕೇಂದ್ರದ ಕೈಯಲ್ಲೇ ಇಟ್ಟಿದೆ. ಬೋಟಿನ ಜಾಡು ಹೋಗಿ ಸೇರುವುದು ಯಾವ ಮೊಬೈಲ್ ಕಂಪನಿಗೂ ಅಲ್ಲ, ಇಂಥ ಸಂಸ್ಥೆಗಳಿಗೇ.